ಹತ್ತು ವರ್ಷದ ಪಿಇ: ಪಟ್ಟಿ ಬರೆಯುವ ಬಗೆ, ಓದುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಫೆಬ್ರವರಿ, ಮಾರ್ಚ್ ಅಂದರೆ ಕಾಫಿ ದುಡ್ಡು ಕೈಗೆ ಬರುವ ಕಾಲ. ಒಂದಷ್ಟು ಬ್ಯಾಂಕಿನ ಸಾಲಕ್ಕೆ, ಒಂದಷ್ಟು ಗೊಬ್ಬರ ಕೂಲಿಗೆ ಹೋಗಿ, ಮಿಕ್ಕಿದ್ದರಲ್ಲಿ ಒಂದು ಪಾಲು ಈಗ ಷೇರಿಗೂ ಹೋಗುತ್ತಿದೆ. ಆಗ ಎಲ್ಲರೂ ಮೊದಲು ಕೇಳುವುದು "ಪಿಇ ಎಷ್ಟಿದೆ?" ಅಂತ, ಅಂದರೆ ಷೇರಿನ ಬೆಲೆ ಅದರ ವರ್ಷದ ಗಳಿಕೆಯ ಎಷ್ಟು ಪಟ್ಟು ಎಂದು. ಎಂಟು ಅಂದರೆ ಅಗ್ಗ, ಅರವತ್ತು ಅಂದರೆ ದುಬಾರಿ, ಅಲ್ಲಿಗೆ ಮಾತು ಮುಗಿಯಿತು.

ಇದೇ ಬೆಳೆಗಾರರು ತೋಟ ಕೊಳ್ಳಲು ಹೊರಟಾಗ ಹೀಗೆ ಲೆಕ್ಕ ಹಾಕುವುದಿಲ್ಲ. ಅರೇಬಿಕಾ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಕಮ್ಮಿ ಎಂದು ಅವರಿಗೆ ಗೊತ್ತು. ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದು, ಬೆಲೆಯೂ ಏರಿದ ಒಂದೇ ವರ್ಷದ ಆದಾಯ ತೋರಿಸಿ "ಐದೇ ವರ್ಷಕ್ಕೆ ದುಡ್ಡು ವಾಪಸ್" ಎಂದು ಮಾರುವವರು ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಿಂದಿನ ಏಳೆಂಟು ವರ್ಷದ ಫಸಲಿನ ಲೆಕ್ಕ ತೆಗೆಸುತ್ತಾರೆ. ಕಂಪನಿಯ ಪಿಇ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಇವತ್ತಿನ ಒಂದು ಪಿಇ ಹೇಳುವುದು ತೀರಾ ಕಡಿಮೆ. ಹತ್ತು ವರ್ಷದ ಪಿಇಯನ್ನು ಒಂದು ಸಾಲಿನಲ್ಲಿ, ಅದರ ಪಕ್ಕದಲ್ಲೇ ಹತ್ತು ವರ್ಷದ ಗಳಿಕೆಯನ್ನು ಇನ್ನೊಂದು ಸಾಲಿನಲ್ಲಿ ಬರೆದು ಒಟ್ಟಿಗೆ ಓದಿದರೆ ಆ ಕಂಪನಿ ನಿಜಕ್ಕೂ ಕಾಣತೊಡಗುತ್ತದೆ. ಆ ಪಟ್ಟಿಯನ್ನು ತಪ್ಪಿಲ್ಲದೆ ಬರೆಯುವುದಕ್ಕೇ ಅರ್ಧ ಶ್ರಮ ಬೇಕು. ಅದರಿಂದಲೇ ಶುರು ಮಾಡೋಣ.

ಪಟ್ಟಿಗೆ ಬೇಕಾದದ್ದು

ಪಿಇ ಅಂದರೆ ಷೇರಿನ ಬೆಲೆಯನ್ನು ಪ್ರತಿ ಷೇರಿನ ಗಳಿಕೆಯಿಂದ, ಅಂದರೆ ಇಪಿಎಸ್‌ನಿಂದ ಭಾಗಿಸಿದ್ದು. ಬೆಲೆ 300, ಇಪಿಎಸ್ 15 ಆದರೆ ಪಿಇ 20. ಇಲ್ಲಿ ಇಪಿಎಸ್ ಅಂದರೆ ಕಳೆದ ನಾಲ್ಕು ತ್ರೈಮಾಸಿಕಗಳ ಮೊತ್ತ. ಹೊಸ ತ್ರೈಮಾಸಿಕದ ಫಲಿತಾಂಶ ಬಂದಾಗಲೆಲ್ಲ ಅದನ್ನು ಸೇರಿಸಿ, ಹಳೆಯದೊಂದನ್ನು ಬಿಡುತ್ತಾ ಹೋಗಬೇಕು. ಒಂದೇ ತ್ರೈಮಾಸಿಕದ ಲಾಭವನ್ನು ನಾಲ್ಕರಿಂದ ಗುಣಿಸಿ ವರ್ಷದ ಲೆಕ್ಕ ಮಾಡುವ ಅಭ್ಯಾಸ ಬಹಳ ಜನಕ್ಕಿದೆ. ಐಸ್‌ಕ್ರೀಮ್, ಎಸಿ, ರಸಗೊಬ್ಬರ, ಸಕ್ಕರೆ, ಪ್ಲಾಂಟೇಶನ್, ಹೀಗೆ ಕಾಲಕ್ಕೆ ತಕ್ಕಂತೆ ನಡೆಯುವ ಯಾವ ವ್ಯವಹಾರದಲ್ಲೂ ಇದು ನಡೆಯದು.

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ತಾರೀಖು, ಬೆಲೆ, ನಾಲ್ಕು ತ್ರೈಮಾಸಿಕದ ಇಪಿಎಸ್, ಪಿಇ, ಟಿಪ್ಪಣಿ ಎಂದು ಐದು ಕಾಲಂ. ತ್ರೈಮಾಸಿಕಕ್ಕೊಂದು ಸಾಲಿನಂತೆ ಹತ್ತು ವರ್ಷಕ್ಕೆ 40 ಸಾಲು. ಅಂಕಿಗಳು ಕಂಪನಿಯ ವಾರ್ಷಿಕ ವರದಿಯಲ್ಲೂ ಎನ್‌ಎಸ್‌ಇ, ಬಿಎಸ್‌ಇ ಎಂಬ ಷೇರು ವಿನಿಮಯ ಕೇಂದ್ರಗಳ ತಾಣಗಳಲ್ಲೂ ಪುಕ್ಕಟೆ ಸಿಗುತ್ತವೆ. ಸ್ಕ್ರೀನರ್‌ನಂಥ ತಾಣದಲ್ಲಿ ಪಿಇ ಚಾರ್ಟ್ ಮೀಡಿಯನ್ (ನಡುವಿನ ಅಂಕಿ) ಗೆರೆ ಸಮೇತ ಸಿದ್ಧವಾಗಿಯೇ ಇದೆ. ಆದರೂ ಮೊದಲ ಎರಡು ಮೂರು ಕಂಪನಿಗಳಿಗಾದರೂ ಕೈಯಾರೆ ಮಾಡಿ. ಟಿಪ್ಪಣಿಯ ಕಾಲಂ ಸಿದ್ಧ ಚಾರ್ಟಿನಲ್ಲಿ ಇರುವುದಿಲ್ಲ, ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಬೆಲೆಯನ್ನು ಯಾವ ತಾರೀಖಿಗೆ ತೆಗೆದುಕೊಳ್ಳಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಹೆಚ್ಚಿನವರು ಎಡವುವುದು ಇಲ್ಲೇ. ಮಾರ್ಚ್ 31ರ ಬೆಲೆಯನ್ನು ಮಾರ್ಚ್ 31ಕ್ಕೆ ಮುಗಿದ ವರ್ಷದ ಇಪಿಎಸ್‌ನಿಂದ ಭಾಗಿಸಿಬಿಡುತ್ತಾರೆ. ಆ ದಿನ ಆ ಇಪಿಎಸ್ ಯಾರಿಗೂ ಗೊತ್ತಿರಲಿಲ್ಲ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ತ್ರೈಮಾಸಿಕದ ಫಲಿತಾಂಶಕ್ಕೆ 45 ದಿನ, ವರ್ಷದ ಫಲಿತಾಂಶಕ್ಕೆ 60 ದಿನ ಅವಕಾಶ. ಹಾಗಾಗಿ ಏಪ್ರಿಲ್ 15ರಂದು ಷೇರು ಕೊಂಡವರ ಮುಂದೆ ಸಾಮಾನ್ಯವಾಗಿ ಇದ್ದದ್ದು ಡಿಸೆಂಬರ್‌ವರೆಗಿನ ಗಳಿಕೆ ಮಾತ್ರ. ಲಾಭ ವೇಗವಾಗಿ ಏರುತ್ತಿರುವ ಕಂಪನಿಯಲ್ಲಿ ಈ ತಪ್ಪು ಮಾಡಿದರೆ ಹಳೆಯ ಪಿಇಗಳೆಲ್ಲ ಇದ್ದುದಕ್ಕಿಂತ ಕಡಿಮೆ ಕಾಣುತ್ತವೆ. "ಹಿಂದೆಲ್ಲ 18ಕ್ಕೆ ಸಿಗುತ್ತಿತ್ತು, ಈಗ 24 ಆಗಿದೆ" ಎಂಬ ಸುಳ್ಳು ಚಿತ್ರ ಮೂಡುತ್ತದೆ. ಫಲಿತಾಂಶ ಹೊರಬಿದ್ದ ಮರುದಿನದ ಬೆಲೆ ಹಾಕಿದರೆ ಈ ತೊಂದರೆ ಇಲ್ಲ.

ಇಪಿಎಸ್ ಶುದ್ಧ ಮಾಡುವುದು

ಮೊದಲು ಬೋನಸ್ (ಪುಕ್ಕಟೆಯಾಗಿ ಕೊಡುವ ಹೆಚ್ಚುವರಿ ಷೇರು) ಮತ್ತು ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು). ಬೆಲೆಯ ಚಾರ್ಟುಗಳು ಹಳೆಯ ಬೆಲೆಯನ್ನು ತಾವೇ ಹೊಂದಿಸಿ ತೋರಿಸುತ್ತವೆ. ಹಳೆಯ ವಾರ್ಷಿಕ ವರದಿಯ ಇಪಿಎಸ್ ಮಾತ್ರ ಅಂದು ಮುದ್ರಣವಾದಂತೆಯೇ ಇರುತ್ತದೆ. 10 ರೂಪಾಯಿ ಮುಖಬೆಲೆಯ ಷೇರು 2 ರೂಪಾಯಿಯದಾಗಿ ಒಡೆದಿದ್ದರೆ, ಹಿಂದಿನ 60 ರೂಪಾಯಿ ಇಪಿಎಸ್ ಇಂದಿನ ಲೆಕ್ಕದಲ್ಲಿ 12 ರೂಪಾಯಿ. ಹೊಂದಿಸಿದ ಬೆಲೆ 240 ಇದ್ದಾಗ ಹೊಂದಿಸದ 60ರಿಂದ ಭಾಗಿಸಿದರೆ ಪಿಇ 4 ಬರುತ್ತದೆ, ನಿಜವಾದದ್ದು 20. ಪಟ್ಟಿಯಲ್ಲಿ ಯಾವುದೋ ಒಂದು ವರ್ಷದಿಂದ ಹಿಂದಕ್ಕೆ ಪಿಇ ದಿಢೀರನೆ ಐದನೇ ಒಂದಾಗಿಯೋ ಅರ್ಧವಾಗಿಯೋ ಕಂಡರೆ ಮೊದಲು ಇದನ್ನೇ ಪರೀಕ್ಷಿಸಿ.

ಎರಡನೆಯದು ಸ್ಟ್ಯಾಂಡ್‌ಅಲೋನ್ (ಕಂಪನಿಯೊಂದರದೇ ಲೆಕ್ಕ) ಮತ್ತು ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳನ್ನೂ ಸೇರಿಸಿದ ಲೆಕ್ಕ). ಅಂಗಸಂಸ್ಥೆಗಳಿರುವ ಕಂಪನಿಗೆ ಕನ್ಸಾಲಿಡೇಟೆಡ್ ಅಂಕಿಯೇ ಬೇಕು, ಅದರಲ್ಲೂ "ಮಾತೃಸಂಸ್ಥೆಯ ಷೇರುದಾರರಿಗೆ ಸೇರಿದ ಲಾಭ" ಎಂಬ ಸಾಲು. ನಮ್ಮ ಕಡೆಯವರಿಗೆ ಗೊತ್ತಿರುವ ಉದಾಹರಣೆ ಟಾಟಾ ಕಾಫಿ. ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳ ಜೊತೆಗೆ ಅಮೆರಿಕದ ಏಟ್ ಓ'ಕ್ಲಾಕ್ ಕಾಫಿಯ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಆ ಕಂಪನಿಯ ಕೈಯಲ್ಲಿತ್ತು. ಅಮೆರಿಕದ ವ್ಯವಹಾರದ ಲಾಭ ಪೂರ್ತಿಯಾಗಿ ಕನ್ಸಾಲಿಡೇಟೆಡ್ ಲೆಕ್ಕಕ್ಕೆ ಬರುತ್ತಿತ್ತು, ಅದರಲ್ಲಿ ಹತ್ತಿರಹತ್ತಿರ ಅರ್ಧ ಬೇರೆ ಪಾಲುದಾರರದು. ಒಟ್ಟು ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದವರಿಗೆ ಷೇರು ಅಗ್ಗವಾಗಿ ಕಂಡಿತು. ಬರೀ ಸ್ಟ್ಯಾಂಡ್‌ಅಲೋನ್ ನೋಡಿದವರಿಗೆ ದುಬಾರಿಯಾಗಿ ಕಂಡಿತು. ಸರಿಯಾದ ಉತ್ತರ ಇವೆರಡರ ನಡುವೆ ಇತ್ತು. 2024ರ ಜನವರಿಯಲ್ಲಿ ಆ ಕಂಪನಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ಕಲಿಯಲು ಅದರ ಹಳೆಯ ವಾರ್ಷಿಕ ವರದಿಗಳು ಈಗಲೂ ಒಳ್ಳೆಯ ಸಾಮಗ್ರಿ.

ಇಡೀ ಸೂಚ್ಯಂಕಕ್ಕೂ ಇದೇ ಆಗಿದೆ. ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿಯ ಪಿಇಯನ್ನು ಎನ್‌ಎಸ್‌ಇ ಮೊದಲೆಲ್ಲ ಸ್ಟ್ಯಾಂಡ್‌ಅಲೋನ್ ಗಳಿಕೆಯ ಮೇಲೆ ಲೆಕ್ಕ ಹಾಕುತ್ತಿತ್ತು. 2021ರ ಮಾರ್ಚ್ ಕೊನೆಗೆ ಕನ್ಸಾಲಿಡೇಟೆಡ್‌ಗೆ ಬದಲಾಯಿಸಿದಾಗ ಸುಮಾರು 40 ಇದ್ದ ಪಿಇ ಮಾರುಕಟ್ಟೆ ಕದಲದೆಯೇ ಸುಮಾರು 33ಕ್ಕೆ ಇಳಿಯಿತು. ಅದಕ್ಕೆ ಮುಂಚಿನ ಅಂಕಿಗಳನ್ನೂ ನಂತರದವನ್ನೂ ಒಂದೇ ಗೆರೆಯಲ್ಲಿ ಜೋಡಿಸಿ "ಸರಾಸರಿಗಿಂತ ಕೆಳಗಿದೆ" ಎನ್ನುವ ಚಿತ್ರಗಳು ಈಗಲೂ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಅವನ್ನು ನಂಬಿ ದುಡ್ಡು ಹಾಕಬೇಡಿ.

ಮೂರನೆಯದು ಅಸಾಧಾರಣ ಬಾಬ್ತುಗಳು. ಜಮೀನು ಮಾರಿದ್ದು, ಅಂಗಸಂಸ್ಥೆ ಮಾರಿದ್ದು, ಹಳೆಯ ವ್ಯಾಜ್ಯ ತೀರಿದ್ದು, ಕಾರ್ಖಾನೆ ಮುಚ್ಚಿದ ವೆಚ್ಚ, ಇವೆಲ್ಲ ಲಾಭ ನಷ್ಟದ ಪಟ್ಟಿಯಲ್ಲಿ ತೆರಿಗೆಗೆ ಮುಂಚಿನ ಲಾಭದ ಮೇಲೆ ಒಂದು ಪ್ರತ್ಯೇಕ ಸಾಲಾಗಿ ಬರುತ್ತವೆ. ಒಂದು ಕಂಪನಿಯ ವರ್ಷದ ನಿವ್ವಳ ಲಾಭ 90 ಕೋಟಿ, ಷೇರುಗಳು 5 ಕೋಟಿ, ಬೆಲೆ 224 ಎಂದುಕೊಳ್ಳಿ. ಇಪಿಎಸ್ 18, ಪಿಇ ಸುಮಾರು 12.4. ಅದರೊಳಗೆ ಜಮೀನು ಮಾರಿದ 40 ಕೋಟಿ ಲಾಭ ಸೇರಿದೆ, ಅದಕ್ಕೆ ತೆರಿಗೆ 6 ಕೋಟಿ ಹೋಗಿದೆ. ಅಂದರೆ 34 ಕೋಟಿ ಮುಂದಿನ ವರ್ಷ ಬರುವ ಹಣವಲ್ಲ. ಅದನ್ನು ತೆಗೆದರೆ ಲಾಭ 56 ಕೋಟಿ, ಇಪಿಎಸ್ 11.20, ಪಿಇ 20. ತೆಗೆಯುವಾಗ ತೆರಿಗೆ ಕಳೆದ ಮೊತ್ತವನ್ನೇ ತೆಗೆಯಬೇಕು, ಪೂರ್ತಿ 40 ಅಲ್ಲ. ನಷ್ಟದ ಬಾಬ್ತಾದರೆ ಹಾಗೆಯೇ ಮರಳಿ ಸೇರಿಸಬೇಕು. ಆದರೆ "ಅಸಾಧಾರಣ" ನಷ್ಟ ಪ್ರತಿ ವರ್ಷ ಬರುತ್ತಿದ್ದರೆ ಅದು ಆ ಕಂಪನಿಗೆ ಸಾಧಾರಣವೇ. ಅಂಥದ್ದನ್ನು ಸೇರಿಸಬೇಡಿ.

ಇದು ಎಷ್ಟು ದೊಡ್ಡದಾಗಿರಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಿಕ್ಕಮಗಳೂರಿನ ತೋಟಗಳಿಂದ ಬೆಳೆದ ಕಾಫಿ ಡೇ ಎಂಟರ್‌ಪ್ರೈಸಸ್ 2019ರಲ್ಲಿ, ತನ್ನ ಅಂಗಸಂಸ್ಥೆ ಮತ್ತು ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಜೊತೆ ಸೇರಿ, ಐಟಿ ಕಂಪನಿ ಮೈಂಡ್‌ಟ್ರೀಯಲ್ಲಿದ್ದ ಒಟ್ಟು ಸುಮಾರು 20% ಪಾಲನ್ನು ಎಲ್ ಆಂಡ್ ಟಿ ಕಂಪನಿಗೆ 3,000 ಕೋಟಿಗೂ ಹೆಚ್ಚು ಮೊತ್ತಕ್ಕೆ ಮಾರಿತು. ಆ ಹಣಕಾಸು ವರ್ಷದ ಲಾಭದಲ್ಲಿ ಈ ಮಾರಾಟದ ಗಳಿಕೆಯದೇ ದೊಡ್ಡ ಪಾಲು. ಕಾಫಿ ವ್ಯವಹಾರ ಸಂಕಟದಲ್ಲಿದ್ದಾಗಲೇ ಕಾಗದದ ಮೇಲಿನ ಪಿಇ ಒಂದಕ್ಕೂ ಕೆಳಗೆ ಕಾಣುವ ಸ್ಥಿತಿ ಬಂತು. ಅಂಥ ಸಾಲನ್ನು ಪಟ್ಟಿಯಿಂದ ಹೊರಗಿಡಬೇಕು, ಟಿಪ್ಪಣಿಯಲ್ಲಿ ಕಾರಣ ಬರೆದಿಡಬೇಕು.

ತೆರಿಗೆ ದರ ಬದಲಾದ ವರ್ಷವನ್ನೂ ಟಿಪ್ಪಣಿಯಲ್ಲಿ ಗುರುತು ಹಾಕಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯನ್ನು 22%ಕ್ಕೆ, ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಸುಮಾರು 25.17%ಕ್ಕೆ ಇಳಿಸುವ ಆಯ್ಕೆ ಬಂತು. ಅದುವರೆಗೆ ಪೂರ್ತಿ 34-35% ಕಟ್ಟುತ್ತಿದ್ದ ಕಂಪನಿಯ ನಿವ್ವಳ ಲಾಭ ಒಂದು ಚೀಲ ಸರಕೂ ಹೆಚ್ಚಿಗೆ ಮಾರದೆ 14-15% ಏರಿತು. ಅದನ್ನು ಬೆಳವಣಿಗೆ ಎಂದು ಎಣಿಸಿದರೆ ಮುಂದಿನ ಅಂದಾಜೆಲ್ಲ ಕೆಡುತ್ತದೆ.

ಇಎಸ್‌ಒಪಿ (ನೌಕರರಿಗೆ ಷೇರು ಕೊಳ್ಳುವ ಹಕ್ಕು), ವಾರಂಟ್‌ಗಳು (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಇದ್ದರೆ ಬೇಸಿಕ್ ಇಪಿಎಸ್ ಬಿಟ್ಟು, ಆ ಷೇರುಗಳನ್ನೂ ಎಣಿಸಿದ ಡೈಲ್ಯೂಟೆಡ್ ಇಪಿಎಸ್ ತೆಗೆದುಕೊಳ್ಳಿ. ಇಷ್ಟು ಸಾಕು.

ಸರಾಸರಿ ಬೇಡ, ಮೀಡಿಯನ್ ನೋಡಿ

ಪಟ್ಟಿ ಸಿದ್ಧವಾದ ಮೇಲೆ ಎಲ್ಲರ ಕೈ ಸರಾಸರಿಯ ಕಡೆ ಹೋಗುತ್ತದೆ. ಲಾಭ ಶೂನ್ಯದ ಹತ್ತಿರಕ್ಕೆ ಇಳಿದ ಒಂದು ವರ್ಷದಲ್ಲಿ ಪಿಇ 300 ಆಗಿರಬಹುದು. ಆ ಒಂದು ಅಂಕಿ ಹತ್ತು ವರ್ಷದ ಸರಾಸರಿಯನ್ನು 20ರಿಂದ 48ಕ್ಕೆ ಎಳೆದೊಯ್ಯುತ್ತದೆ. ಎಲ್ಲ ಪಿಇಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು, ಅಂದರೆ ಮೀಡಿಯನ್ ಅನ್ನು ತೆಗೆದುಕೊಂಡರೆ ಈ ಬಾಧೆ ಇಲ್ಲ. ನಷ್ಟದ ವರ್ಷಕ್ಕೆ ಪಿಇ ಇರುವುದಿಲ್ಲ, ಆ ಚೌಕವನ್ನು ಖಾಲಿ ಬಿಡಿ. ಸೊನ್ನೆ ಹಾಕಿದರೆ ನಷ್ಟ ಮಾಡಿದ ಕಂಪನಿ ಅಗ್ಗವಾಗಿ ಕಾಣುವ ವಿಚಿತ್ರ ಆಗುತ್ತದೆ.

ಇನ್ನೂ ಒಳ್ಳೆಯ ದಾರಿ, ಪಿಇಯನ್ನು ತಿರುವಿ ಹಾಕುವುದು. ಇಪಿಎಸ್ ಅನ್ನು ಬೆಲೆಯಿಂದ ಭಾಗಿಸಿದರೆ ಗಳಿಕೆಯ ಶೇಕಡಾವಾರು ಬರುತ್ತದೆ. ಪಿಇ 20 ಅಂದರೆ 5%, ಪಿಇ 40 ಅಂದರೆ 2.5%, ನಷ್ಟದ ವರ್ಷ ಮೈನಸ್. ಈ ಅಂಕಿಗಳ ಸರಾಸರಿ ತೆಗೆಯಬಹುದು, ಯಾವ ವರ್ಷವನ್ನೂ ಬಿಡಬೇಕಿಲ್ಲ. ಬ್ಯಾಂಕ್ ಎಫ್‌ಡಿ ಬಡ್ಡಿಯ ಪಕ್ಕದಲ್ಲಿಟ್ಟು ನೋಡಲೂ ಅನುಕೂಲ. 2.5% ಗಳಿಕೆಯ ಷೇರನ್ನು 7% ಎಫ್‌ಡಿ ಬಿಟ್ಟು ಕೊಳ್ಳುವವರು ಆ ವ್ಯತ್ಯಾಸವನ್ನು ಬೆಳವಣಿಗೆ ತುಂಬಿಕೊಡುತ್ತದೆ ಎಂದು ನಂಬಿರಬೇಕು. ಎಷ್ಟು ಬೆಳವಣಿಗೆ, ಎಷ್ಟು ವರ್ಷ ಎಂದು ಕಾಗದದ ಮೇಲೆ ಬರೆಯುವುದು ಒಳ್ಳೆಯದು.

ಬೆಲೆ ಏರಿದ್ದು ಯಾವುದರಿಂದ?

ಪಟ್ಟಿಯಿಂದ ಸಿಗುವ ಅತ್ಯಂತ ಬೆಲೆಬಾಳುವ ಉತ್ತರ ಇದು. ಒಂದು ಕಂಪನಿಯ ಲೆಕ್ಕ ಹೀಗಿದೆ ಎಂದುಕೊಳ್ಳಿ: ಏಳು ವರ್ಷದ ಹಿಂದೆ ಇಪಿಎಸ್ 10, ಪಿಇ 15, ಬೆಲೆ 150. ಈಗ ಇಪಿಎಸ್ 20, ಪಿಇ 30, ಬೆಲೆ 600. ಬೆಲೆ ನಾಲ್ಕು ಪಟ್ಟಾಗಿದೆ, ವರ್ಷಕ್ಕೆ ಸುಮಾರು 22%. ಆದರೆ ಕಂಪನಿ ದುಡಿದು ಬೆಳೆಸಿದ್ದು ಎರಡು ಪಟ್ಟು ಮಾತ್ರ, ವರ್ಷಕ್ಕೆ ಸುಮಾರು 10.4%. ಉಳಿದದ್ದು ಕೊಳ್ಳುವವರು ಅದೇ ಗಳಿಕೆಗೆ ದುಪ್ಪಟ್ಟು ಕೊಡಲು ಒಪ್ಪಿದ್ದರಿಂದ ಬಂದದ್ದು. ಮುಂದಿನ ಏಳು ವರ್ಷದಲ್ಲಿ ಲಾಭ ಮತ್ತೆ ದುಪ್ಪಟ್ಟಾಗಿ 40 ಮುಟ್ಟಿ, ಪಿಇ ತನ್ನ ಹಳೆಯ 15ಕ್ಕೆ ಮರಳಿದರೆ ಬೆಲೆ 600ರಲ್ಲೇ ಇರುತ್ತದೆ. ಕಂಪನಿ ಏನೂ ತಪ್ಪು ಮಾಡಿರುವುದಿಲ್ಲ, ಷೇರುದಾರರಿಗೆ ಡಿವಿಡೆಂಡ್ ಬಿಟ್ಟು ಏನೂ ಸಿಕ್ಕಿರುವುದಿಲ್ಲ.

ಇದು ಬರೀ ಕಾಗದದ ಲೆಕ್ಕವಲ್ಲ. 2000ದ ಮಾರ್ಚ್‌ನಲ್ಲಿ ಇನ್ಫೋಸಿಸ್ ಪಿಇ 200ಕ್ಕೂ ಮೇಲಿತ್ತು. ಮುಂದಿನ ಆರು ವರ್ಷದಲ್ಲಿ ಕಂಪನಿಯ ಲಾಭ ಸುಮಾರು ಎಂಟು ಪಟ್ಟಾಯಿತು. ಷೇರು ಆ ಹಳೆಯ ಎತ್ತರಕ್ಕೆ ಮರಳಲು ಹತ್ತಿರಹತ್ತಿರ ಅಷ್ಟೇ ಕಾಲ ಹಿಡಿಯಿತು. ಎಂಟು ಪಟ್ಟು ಬೆಳೆಯುವ ಕಂಪನಿಯನ್ನು ಮೊದಲೇ ಗುರುತಿಸಿದವರಿಗೂ ಕೈಯಲ್ಲಿ ಉಳಿದದ್ದು ಹೆಚ್ಚೇನಿಲ್ಲ. ಕಂಪನಿಯ ಆಯ್ಕೆ ಸರಿಯಾಗಿದ್ದೂ ಕೊಟ್ಟ ಬೆಲೆ ತಪ್ಪಾಗಿತ್ತು.

ಹಾಗೆಂದು ಪಿಇ ಯಾವಾಗಲೂ ಹಳೆಯ ಮೀಡಿಯನ್‌ಗೆ ಮರಳಲೇಬೇಕೆಂದಿಲ್ಲ. ಮರಳುತ್ತದೋ ಇಲ್ಲವೋ ತಿಳಿಯಲು ಒಂದು ಸೂತ್ರ ಬಹಳ ನೆರವಾಗುತ್ತದೆ. ಷೇರುದಾರರ ಬಂಡವಾಳದ ಮೇಲೆ ಕಂಪನಿ ಗಳಿಸುವ ದರ, ಅಂದರೆ ಆರ್‌ಒಇ 24% ಎಂದುಕೊಳ್ಳಿ. ಲಾಭ ವರ್ಷಕ್ಕೆ 6% ಬೆಳೆಯುತ್ತದೆ. ನಮಗೆ ಬೇಕಾದ ಪ್ರತಿಫಲ 12%. 6% ಬೆಳೆಯಲು ಕಂಪನಿ ಲಾಭದ ಕಾಲು ಭಾಗ ಮರುಹೂಡಿಕೆ ಮಾಡಿದರೆ ಸಾಕು, ಉಳಿದ 75% ಹಂಚಬಹುದು. 0.75ನ್ನು 12% ಮತ್ತು 6%ರ ವ್ಯತ್ಯಾಸವಾದ 0.06ರಿಂದ ಭಾಗಿಸಿದರೆ ನ್ಯಾಯವಾದ ಪಿಇ 12.5. ಅದೇ 6% ಬೆಳವಣಿಗೆಯ ಇನ್ನೊಂದು ಕಂಪನಿಯ ಆರ್‌ಒಇ 12% ಮಾತ್ರ ಇದ್ದರೆ ಲಾಭದ ಅರ್ಧವನ್ನು ಮತ್ತೆ ಸುರಿಯಬೇಕು. ಅದರ ಪಿಇ 8.3. ಬೆಳವಣಿಗೆ ಒಂದೇ, ಬೆಲೆ ಬೇರೆ. ಬಡ್ಡಿ ಇಳಿದು ನಮಗೆ ಬೇಕಾದ ಪ್ರತಿಫಲ 12ರಿಂದ 11%ಕ್ಕೆ ಬಂದರೆ ಮೊದಲ ಕಂಪನಿಯ ಪಿಇ 12.5ರಿಂದ 15ಕ್ಕೆ ಏರುತ್ತದೆ. ಆದ್ದರಿಂದ ಪಟ್ಟಿಯ ಪಕ್ಕ ಆರ್‌ಒಇ ಕಾಲಂ ಒಂದನ್ನು ಸೇರಿಸಿ. ಪಿಇ ಏರಿದ ಕಾಲದಲ್ಲೇ ಆರ್‌ಒಇ ಕೂಡ 14ರಿಂದ 22ಕ್ಕೆ ಏರಿದ್ದರೆ ಅದಕ್ಕೆ ಕಾರಣವಿದೆ. ಆರ್‌ಒಇ ಅಲ್ಲೇ ನಿಂತು ಪಿಇ ಮಾತ್ರ ದುಪ್ಪಟ್ಟಾಗಿದ್ದರೆ ಎಚ್ಚರ. ಸಾಲದಿಂದಲೂ ಆರ್‌ಒಇ ಉಬ್ಬುತ್ತದೆ, ಆ ಕಡೆಗೂ ಒಂದು ಕಣ್ಣಿರಲಿ.

ಏರಿಳಿತದ ವ್ಯವಹಾರದಲ್ಲಿ ಪಿಇ ತಲೆಕೆಳಗು

ಉಕ್ಕು, ಸಿಮೆಂಟ್, ಸಕ್ಕರೆ, ರಾಸಾಯನಿಕ, ಹಡಗು, ಪ್ಲಾಂಟೇಶನ್ ಕಂಪನಿಗಳಲ್ಲಿ ಪಿಇ ಅತಿ ಕಡಿಮೆ ಕಾಣುವುದು ಲಾಭ ತುದಿಗೆ ಏರಿದಾಗ. ಟಾಟಾ ಸ್ಟೀಲ್ 2021-22ರಲ್ಲಿ 41,000 ಕೋಟಿಗೂ ಹೆಚ್ಚು ಕನ್ಸಾಲಿಡೇಟೆಡ್ ಲಾಭ ಮಾಡಿತು. ಆಗ ಪಿಇ ಸುಮಾರು 4. ಮರುವರ್ಷ ಲಾಭ 8,000 ಕೋಟಿಯ ಆಸುಪಾಸಿಗೆ ಬಂತು, 2023-24ರಲ್ಲಿ 4,000 ಕೋಟಿಗೂ ಮಿಕ್ಕಿ ನಷ್ಟವಾಯಿತು. 4 ಎಂಬುದು ಅಗ್ಗದ ಗುರುತಾಗಿರಲಿಲ್ಲ. ಈ ಲಾಭ ನಿಲ್ಲುವುದಿಲ್ಲ ಎಂದು ಮಾರುಕಟ್ಟೆ ಮೊದಲೇ ಎಣಿಸಿತ್ತು.

ಇಂಥ ಕಡೆ ಹಲವು ವರ್ಷದ ಸರಾಸರಿ ಇಪಿಎಸ್ ಹಿಡಿಯಬೇಕು. ಒಂದು ಕಂಪನಿಯ ಎಂಟು ವರ್ಷದ ಇಪಿಎಸ್ ಹೀಗಿದೆ ಎಂದುಕೊಳ್ಳಿ: 8, 11, 4, ಮೈನಸ್ 3, 2, 9, 18, 30. ಐದನೇ ವರ್ಷ ಬೆಲೆ 70, ಎಂಟನೇ ವರ್ಷ ಬೆಲೆ 210. ಸಾಮಾನ್ಯ ಪಿಇ ಪ್ರಕಾರ ಐದನೇ ವರ್ಷ 35, ಎಂಟನೇ ವರ್ಷ ಬರೀ 7. ಈಗ ಆಯಾ ವರ್ಷದವರೆಗೆ ಗೊತ್ತಿದ್ದ ಇಪಿಎಸ್‌ಗಳ ಸರಾಸರಿ ತೆಗೆಯಿರಿ, ನಷ್ಟದ ವರ್ಷವನ್ನೂ ಸೇರಿಸಿ. ಐದನೇ ವರ್ಷಕ್ಕೆ ಸರಾಸರಿ 4.40, ಪಿಇ ಸುಮಾರು 16. ಎಂಟನೇ ವರ್ಷಕ್ಕೆ ಸರಾಸರಿ 9.88, ಪಿಇ ಸುಮಾರು 21. ದುಬಾರಿ ಕಂಡದ್ದು ಅಗ್ಗ, ಅಗ್ಗ ಕಂಡದ್ದು ದುಬಾರಿ. ಅಮೆರಿಕದ ಹೂಡಿಕೆ ತಜ್ಞ ಬೆಂಜಮಿನ್ ಗ್ರಹಾಂ 1930ರ ದಶಕದಲ್ಲೇ ಹೀಗೆ ಹಲವು ವರ್ಷದ ಸರಾಸರಿ ಹಿಡಿಯಲು ಹೇಳಿದ್ದರು. ಹಣದುಬ್ಬರ ಹೊಂದಿಸಿದ ಹತ್ತು ವರ್ಷದ ಸರಾಸರಿಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಶಿಲ್ಲರ್ ಪ್ರಚಾರಕ್ಕೆ ತಂದರು. ಕಂಪನಿ ಈ ನಡುವೆ ಹೊಸ ಕಾರ್ಖಾನೆ ಹಾಕಿ ಎರಡು ಪಟ್ಟು ದೊಡ್ಡದಾಗಿದ್ದರೆ ಹಳೆಯ ಇಪಿಎಸ್‌ಗಳು ಚಿಕ್ಕವಾಗಿ, ಸರಾಸರಿ ಅನ್ಯಾಯವಾಗಿ ಕೆಳಗೆ ಬರುತ್ತದೆ. ಆಗ ಮಾರಾಟದಲ್ಲಿ ಲಾಭ ಶೇಕಡಾ ಎಷ್ಟೆಂಬುದರ ಹತ್ತು ವರ್ಷದ ಸರಾಸರಿ ತೆಗೆದು, ಅದನ್ನು ಇಂದಿನ ಮಾರಾಟಕ್ಕೆ ಹಚ್ಚಿ ಇಪಿಎಸ್ ಅಂದಾಜು ಮಾಡುವುದು ಮೇಲು.

ಕಾಫಿ ಕಂಪನಿಗಳ ಗಳಿಕೆ

ತೋಟವಿರುವ ಕಂಪನಿಯ ಲಾಭದಲ್ಲಿ ನಮ್ಮವರು ಗಮನಿಸಬೇಕಾದ ಒಂದು ಸಾಲಿದೆ. ಕೃಷಿಗೆ ಸಂಬಂಧಿಸಿದ ಲೆಕ್ಕಪತ್ರದ ಮಾನದಂಡ ಇಂಡ್ ಎಎಸ್ 41ರಂತೆ ಗಿಡದ ಮೇಲಿರುವ, ಇನ್ನೂ ಕೊಯ್ಯದ ಫಸಲನ್ನೂ ಅಂದಿನ ಮೌಲ್ಯಕ್ಕೆ ಲೆಕ್ಕ ಹಾಕಿ, ಆದ ಬದಲಾವಣೆಯನ್ನು ಲಾಭ ನಷ್ಟಕ್ಕೆ ತರುತ್ತಾರೆ. ಗಿಡಗಳ ಲೆಕ್ಕ ಬೇರೆ, ಅವು ಯಂತ್ರದ ಹಾಗೆ ಸ್ಥಿರಾಸ್ತಿಯಲ್ಲಿ ಹೋಗುತ್ತವೆ. ಬೆಲೆ ಏರುತ್ತಿರುವಾಗ ಮಾರದ ಕಾಯಿಯಿಂದಲೂ ಲಾಭ ಕಾಣುತ್ತದೆ, ಬೆಲೆ ಬಿದ್ದರೆ ಉಲ್ಟಾ. ವರದಿಯ ಟಿಪ್ಪಣಿಗಳಲ್ಲಿ ಜೈವಿಕ ಆಸ್ತಿಯ ನ್ಯಾಯಮೌಲ್ಯ ಬದಲಾವಣೆ ಎಂಬ ಮೊತ್ತ ಹುಡುಕಿ, ದೊಡ್ಡದಿದ್ದರೆ ತೆಗೆದು ಇಪಿಎಸ್ ಬರೆಯಿರಿ. ಕೃಷಿ ಆದಾಯದ ನಿಯಮ ಇರುವುದರಿಂದ ತೆರಿಗೆಯ ದರವೂ ವರ್ಷ ವರ್ಷಕ್ಕೆ ಏರುಪೇರಾಗುತ್ತದೆ. ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ 25% ಮಾತ್ರ ಕೇಂದ್ರದ ಆದಾಯ ತೆರಿಗೆಗೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ 40%. ಯಾವ ವ್ಯವಹಾರದ ಪಾಲು ಎಷ್ಟು ಎಂಬುದರ ಮೇಲೆ ನಿವ್ವಳ ಲಾಭ ಬದಲಾಗುತ್ತದೆ.

ಇನ್‌ಸ್ಟಂಟ್ ಕಾಫಿ ಮಾಡುವ ಸಿಸಿಎಲ್ ಪ್ರಾಡಕ್ಟ್ಸ್‌ನಂಥ ಕಂಪನಿಯ ಕಥೆ ಬೇರೆ. ಕಾಫಿ ಬೆಲೆ ಏರಿದರೆ ಅದರ ಲಾಭವೂ ಏರುತ್ತದೆ ಎಂದು ಬೆಳೆಗಾರರಿಗೆ ಅನ್ನಿಸುವುದು ಸಹಜ, ಆದರೆ ಅದಕ್ಕೆ ಬೀಜ ಕಚ್ಚಾ ಸಾಮಗ್ರಿ. ಬೀಜದ ಬೆಲೆಯ ಮೇಲೆ ಕಿಲೋಗೆ ಇಷ್ಟು ಎಂದು ಸಂಸ್ಕರಣೆಯ ಲಾಭ ಇಟ್ಟು ಮಾರುವ ವ್ಯವಹಾರದಲ್ಲಿ ಬೀಜ ದುಪ್ಪಟ್ಟಾದರೆ ಮಾರಾಟದ ಮೊತ್ತ ಉಬ್ಬುತ್ತದೆ, ಕಿಲೋ ಲಾಭ ಅಷ್ಟೇ ಇರುತ್ತದೆ, ದಾಸ್ತಾನಿಗೆ ಬೇಕಾದ ಬ್ಯಾಂಕ್ ಸಾಲ ಮತ್ತು ಬಡ್ಡಿ ಏರುತ್ತವೆ. ಅಂಥ ವರ್ಷ ಇಪಿಎಸ್ ತುಸು ಇಳಿದು ಪಿಇ ಏರಿದರೆ ಗಾಬರಿ ಬೇಡ. ಎಷ್ಟು ಟನ್ ಮಾರಿದರು, ಕಿಲೋಗೆ ಎಷ್ಟು ಉಳಿಯಿತು ಎಂಬುದನ್ನು ಪಿಇ ಪಕ್ಕದಲ್ಲಿ ಬರೆದುಕೊಳ್ಳಿ.

ಬ್ಯಾಂಕುಗಳಿಗೆ ಮಾತ್ರ ಈ ಪಟ್ಟಿಯನ್ನು ಪುಸ್ತಕ ಮೌಲ್ಯದ (ಆಸ್ತಿಯಿಂದ ಹೊಣೆಗಳನ್ನು ಕಳೆದು ಷೇರುದಾರರಿಗೆ ಉಳಿಯುವ ಮೊತ್ತ) ಮೇಲೆ ಮಾಡುವುದೇ ವಾಸಿ. ವಸೂಲಾಗದ ಸಾಲಕ್ಕೆ ತೆಗೆದಿಡುವ ಮೊತ್ತ ಒಂದೊಂದು ವರ್ಷ ಇಪಿಎಸ್ ಅನ್ನು ಗುರುತೇ ಸಿಗದಂತೆ ಮಾಡುತ್ತದೆ.

ಪಟ್ಟಿಯನ್ನು ದಿನಾ ತೆರೆಯುವ ಅಗತ್ಯವಿಲ್ಲ. ಫಲಿತಾಂಶದ ಗಡುವುಗಳಾದ ಫೆಬ್ರವರಿ 14, ಮೇ 30, ಆಗಸ್ಟ್ 14, ನವೆಂಬರ್ 14 ದಾಟಿದ ಮೇಲೆ ಒಂದೊಂದು ಸಾಲು ಸೇರಿಸಿ. ಮೇ ತಿಂಗಳ ಸಾಲಿಗೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಲೆಕ್ಕ ಪರಿಶೋಧನೆ ಆದ ವರ್ಷದ ಅಂಕಿ ಬರುವುದು ಆಗಲೇ, ಹಿಂದಿನ ಮೂರು ತ್ರೈಮಾಸಿಕಗಳ ಅಂಕಿ ತಿದ್ದಿದ್ದರೆ ಅದೂ ಆಗಲೇ ಕಾಣುತ್ತದೆ.